ದೂರು ಹೇಳದ ಯಜಮಾನರಿಗೆ ಹೊಸ ಔಷಧಿ

ಗೇಟಿನಿಂದ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುತ್ತಿದ್ದ ನಮ್ಮ ಯಜಮಾನರು ಅರ್ಧ ದಾರಿಯಲ್ಲಿ ಅದರ ಮೇಲೇ ಕೂತುಬಿಟ್ಟರು. ಬಾಯಿ ತೆರೆದು ಉಸಿರೆಳೆಯುತ್ತಿದ್ದರು.

"ಏನ್ರೀ ಆಯ್ತು?"

"ಏನಿಲ್ಲ ಕಣೇ, ಬಿಸಿಲು."

ಯಾವ ಬಿಸಿಲು! ಸೂರ್ಯ ಇನ್ನೂ ಪಕ್ಕದ ಮನೆಯ ತಾರಸಿ ದಾಟಿರಲಿಲ್ಲ. ನಂಜುಂಡಸ್ವಾಮಿ ಅಂದರೆ ಹಾಗೇ. ಹಲ್ಲು ಕೀಳಿಸಿಕೊಂಡು ಬಂದ ದಿನವೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ "ಆರಾಮ್" ಅಂದಿದ್ದ ಮನುಷ್ಯ. ಬೈದು, ಎಳೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಬಲಗಡೆ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ನೀರು ತೆಗೆದರು. ಬಯಾಪ್ಸಿ ಮಾಡಿದರು.

ಮೀಸೋಥೀಲಿಯೋಮಾ.

ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್. ಹೆಸರು ಹೇಳುವುದಕ್ಕೂ ನನ್ನ ನಾಲಿಗೆ ಹೊರಳಲಿಲ್ಲ. "ಆಸ್ಬೆಸ್ಟಾಸ್ ಧೂಳಿನಲ್ಲಿ ಕೆಲಸ ಮಾಡ್ತಿದ್ರಾ?" ಎಂದು ಡಾಕ್ಟರ್ ಮೇಡಂ ಕೇಳಿದರು. ನಮ್ಮ ಮದುವೆಗೆ ಮುಂಚಿನಿಂದಲೂ ಇವರದು ಬಸ್ಸು ಲಾರಿಗಳ ಬ್ರೇಕ್ ಕೆಲಸ. ಆಗೆಲ್ಲ ಆಸ್ಬೆಸ್ಟಾಸ್ ಬೆರೆಸಿಯೇ ಮಾಡುತ್ತಿದ್ದ ಬ್ರೇಕ್ ಲೈನಿಂಗ್ ಕಿತ್ತು, ಹೊಸದನ್ನು ಉಜ್ಜಿ, ಡ್ರಮ್ಮಿನ ಧೂಳನ್ನು ಬಾಯಲ್ಲೇ ಊದಿ ತೆಗೆಯುತ್ತಿದ್ದರು. ಒಂಟಿಕೊಪ್ಪಲ್‌ನ ನಮ್ಮ ಮನೆ ನಡೆದದ್ದು ಆ ದುಡಿಮೆಯಿಂದಲೇ. ಆದರೂ ಆ ಧೂಳಿನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕೀಮೋ ಆಯಿತು. ಕೂದಲು ಹೋಯಿತು, ರುಚಿ ಹೋಯಿತು. ಸ್ಕ್ಯಾನ್ ನೋಡಿದರೆ ಗೆಡ್ಡೆ ಮಾತ್ರ ಬೆಳೆದಿತ್ತು.

ಆಗ ಡಾಕ್ಟರ್ ಮೇಡಂ ಕ್ಲಿನಿಕಲ್ ಟ್ರಯಲ್ ವಿಷಯ ಎತ್ತಿದರು. ದೇಹದ ರೋಗನಿರೋಧಕ ಶಕ್ತಿಯನ್ನೇ ಗೆಡ್ಡೆಯ ಮೇಲೆ ಎತ್ತಿಕಟ್ಟುವ ಹೊಸ ಔಷಧಿ. "ಗುಣ ಆಗುತ್ತೆ ಅಂತ ನಾನು ಹೇಳೋಲ್ಲ. ಕೆಲವರಿಗೆ ಗೆಡ್ಡೆ ಬೆಳೆಯೋದು ನಿಂತಿದೆ. ನಮಗೇ ಗೊತ್ತಿಲ್ಲದ ತೊಂದರೆಗಳೂ ಬರಬಹುದು. ಬೇಡ ಅನ್ನಿಸಿದ ದಿನ ನೀವು ಬಿಟ್ಟುಬಿಡಬಹುದು" ಎಂದರು.

ವಿಷಯ ಕೇಳಿ ರಾಮಕೃಷ್ಣನಗರದಿಂದ ನನ್ನ ತಂಗಿ ಓಡಿಬಂದಳು. "ಇಲಿ ಮೊಲದ ಮೇಲೆ ಮಾಡೋದನ್ನ ಭಾವನ ಮೇಲೆ ಮಾಡಿಸ್ತೀಯೇನಕ್ಕಾ?"

"ಇಲಿ ಮೊಲದ್ದೆಲ್ಲ ಆಗೋಗಿದೆಯಂತೆ ಕಣೇ. ಈಗ ಮನುಷ್ಯರ ಸರದಿ" ಎಂದು ಬಾಯಿ ಮುಚ್ಚಿಸಿದೆ.

ಡ್ರಿಪ್ ಶುರುವಾಯಿತು. ಕೆಲವು ವಾರಗಳಲ್ಲೇ ಕೆಮ್ಮು ತಗ್ಗಿತು. ಹಾಲಿನ ಬೂತಿಗೆ ತಾವೇ ಹೋಗಿಬಂದರು. ನಾನು ಚಾಮುಂಡಿಗೆ ಕೂತಲ್ಲೇ ಕೈಮುಗಿದೆ. ಅಷ್ಟರಲ್ಲಿ ಭೇದಿ ಹತ್ತಿಕೊಂಡಿತು. ನನಗೆ ಕೇಳಿಸಬಾರದೆಂದು ನಲ್ಲಿ ಜೋರಾಗಿ ಬಿಟ್ಟುಕೊಂಡು ಕೂರುತ್ತಿದ್ದರು. ನನಗೇನು ಕಿವಿ ಇಲ್ಲವೇ!

ಆಸ್ಪತ್ರೆಯಲ್ಲಿ ಟ್ರಯಲ್ ರೋಗಿಗಳನ್ನು ವಿಚಾರಿಸಿಕೊಳ್ಳುವವಳು ಕಾವ್ಯ ಎಂಬ ಹುಡುಗಿ. "ಸಾರ್, ಹೊಟ್ಟೆ ಹೇಗಿದೆ?" ಎಂದು ಕೇಳಿದಳು.

"ಫಸ್ಟ್ ಕ್ಲಾಸ್ ಕಣಮ್ಮ."

ನಾನು ದುರುಗುಟ್ಟಿ ನೋಡಿದೆ. ಹೊರಗೆ ಬಂದ ಮೇಲೆ ಹಿಡಿದುಕೊಂಡೆ. "ಯಾಕ್ರೀ ಸುಳ್ಳು ಹೇಳಿದ್ರಿ?"

"ಪುಕ್ಕಟೆ ಔಷಧಿ ಕೊಡ್ತಿದಾರೆ. ಕರೆದು ಊಟ ಹಾಕೋರ ಮುಂದೆ ಉಪ್ಪಿಲ್ಲ, ಹುಳಿ ಇಲ್ಲ ಅನ್ನೋಕಾಗುತ್ತಾ? ಉಂಡ ಮನೆಗೆ ಎರಡು ಬಗೆಯೋದಾ?" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಹೇಳಿದ್ರೆ ಟ್ರಯಲ್ಲಿಂದ ತೆಗೆದ್ಬುಡ್ತಾರೆ ಕಣೇ. ಆಮೇಲೆ ನನಗೆ ಇನ್ಯಾವ ಔಷಧಿ ಇದೆ?"

ಅವರಷ್ಟೇ ಭಯ ನನಗೂ ಇತ್ತು. ಆ ಔಷಧಿಯಿಂದಲೇ ಮನುಷ್ಯ ಬೂತಿನವರೆಗೆ ನಡೆದದ್ದು. ಅದನ್ನು ನಾನೇ ತಪ್ಪಿಸಲೇ?

ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದರು. ನೋಡಿದರೆ, ಭೇದಿಯಲ್ಲಿ ರಕ್ತ.

ಕಾವ್ಯಳಿಗೆ ಫೋನ್ ಮಾಡಿ ಮೊದಲಿನಿಂದ ಎಲ್ಲ ಹೇಳಿದೆ. ನೆಲದ ಮೇಲಿದ್ದವರು "ನನ್ನ ಕುತ್ತಿಗೆ ಕುಯ್ದ್ಬುಟ್ಟೆ ಕಣೇ" ಎಂದರು. ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಔಷಧಿ ಎಬ್ಬಿಸಿದ ರೋಗನಿರೋಧಕ ಶಕ್ತಿ ಕರುಳಿನ ಮೇಲೂ ಬಿದ್ದಿತ್ತಂತೆ. ಡ್ರಿಪ್ ನಿಲ್ಲಿಸಿದರು, ಸ್ಟಿರಾಯ್ಡ್ ಕೊಟ್ಟರು. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು.

ಡಾಕ್ಟರ್ ಮೇಡಂ ಸ್ಟೂಲ್ ಎಳೆದುಕೊಂಡು ಕೂತರು. "ಸ್ವಾಮಿಯವರೇ, ನಿಮ್ಮಿಂದ ಹೊಗಳಿಸಿಕೊಳ್ಳೋಕೆ ನಾವು ಔಷಧಿ ಕೊಡ್ತಿಲ್ಲ. ಅದು ಎಲ್ಲಿ ತೊಂದರೆ ಕೊಡುತ್ತೆ ಅಂತ ತಿಳ್ಕೊಳ್ಳೋಕೇ ಈ ಟ್ರಯಲ್ ಇರೋದು. ನೀವು ಮುಚ್ಚಿಟ್ರೆ ನಿಮಗೂ ಅಪಾಯ, ನಿಮ್ಮ ಹಿಂದೆ ಬರೋ ರೋಗಿಗೂ ಅಪಾಯ."

ಇವರು ನಿಧಾನವಾಗಿ ಈ ಕಡೆ ತಿರುಗಿದರು. "ಬ್ರೇಕ್ ಹಿಡೀದೇ ಇರೋ ಗಾಡೀನ ಸರಿ ಇದೆ ಅಂತ ರೋಡಿಗೆ ಬಿಟ್ಟಂಗೆ ಮಾಡ್ದೆ, ಅಲ್ವಾ ಮೇಡಂ?"

"ಹೂಂ. ಹಾಗೇ."

"ಮತ್ತೆ ಕೊಡ್ತೀರಾ?"

"ಕರುಳು ಸರಿಹೋಗಲಿ, ನೋಡೋಣ. ಈಗಲೇ ಮಾತು ಕೊಡೋಕಾಗಲ್ಲ."

ಆ ಕಾಯುವಿಕೆ ಕೀಮೋಗಿಂತ ಕಷ್ಟ. ಗಂಜಿ ಕಾಯಿಸುತ್ತಾ, ಫೋನ್ ಮಾಡದೇ ಇದ್ದಿದ್ದರೆ ಔಷಧಿ ನಡೆಯುತ್ತಿತ್ತೇನೋ ಅಂದುಕೊಳ್ಳುತ್ತಿದ್ದೆ. ಮರುಕ್ಷಣವೇ, ಮನುಷ್ಯನೇ ಇರುತ್ತಿರಲಿಲ್ಲವಲ್ಲ ಮಂಕೇ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಭೇದಿ ನಿಂತಿತು. ಮತ್ತೆ ಸ್ಕ್ಯಾನ್ ಆಯಿತು.

"ಗೆಡ್ಡೆ ಹೋಗಿಲ್ಲ. ಆದರೆ ಸ್ವಲ್ಪ ಕುಗ್ಗಿದೆ, ನೀರೂ ಮತ್ತೆ ತುಂಬಿಲ್ಲ" ಎಂದರು ಡಾಕ್ಟರ್ ಮೇಡಂ. "ಹುಷಾರಾಗಿ ಮತ್ತೆ ಶುರು ಮಾಡಬಹುದು."

ನಾನು ಪಕ್ಕದಲ್ಲಿದ್ದ ಕಾವ್ಯಳ ಕೈ ಹಿಡಿದುಕೊಂಡೆ. ಇವರು ಮಾತ್ರ ಗಂಟಲು ಸರಿಮಾಡಿಕೊಂಡರು. "ಶುರು ಮಾಡೋಕೆ ಮುಂಚೆ ಒಂದ್ ಮಾತು ಮೇಡಂ. ಕಾಲು ಜೋಮು ಹಿಡಿಯುತ್ತೆ. ಬಾಯಿ ಒಣಗುತ್ತೆ. ಮೈಯೆಲ್ಲ ನವೆ. ನಿನ್ನೆ ಹೊಟ್ಟೆ ಗುಡುಗುಡು ಅಂತು, ಏನೂ ಆಗ್ಲಿಲ್ಲ, ಆದ್ರೂ ಹೇಳ್ಬೇಕಲ್ಲ..."

ನಾನು ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದೆ. ಕಾವ್ಯ ಗಾಬರಿಯಾದಳು. "ಅಮ್ಮಾ, ಅದೆಲ್ಲ ಸಣ್ಣಪುಟ್ಟದ್ದು, ಹೆದರಬೇಡಿ."

"ಹೆದರಿಕೆಗಲ್ಲ ಕಣಮ್ಮ. ತಡೀಬೇಡ, ಹೇಳ್ಲಿ. ಪೂರ್ತಿ ಹೇಳ್ಲಿ."

ಡ್ರಿಪ್ ಮತ್ತೆ ನಡೆಯುತ್ತಿದೆ. ಈ ಔಷಧಿ ಎಷ್ಟು ದಿನ ಕೈಹಿಡಿಯುತ್ತದೋ ಡಾಕ್ಟರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕೊಟ್ಟವರಿಗೆ, ಇದನ್ನು ನಮಗಿಂತ ಮುಂಚೆ ಮೈಮೇಲೆ ತೆಗೆದುಕೊಂಡ ಗುರುತಿಲ್ಲದ ರೋಗಿಗಳಿಗೆ ಕೈಮುಗಿಯುತ್ತೇನೆ. ಸದ್ಯ ನಮ್ಮ ಯಜಮಾನರು ಮನೆಯಲ್ಲಿದ್ದಾರೆ, ಬೆಳಗಿನಿಂದ ಗೊಣಗುತ್ತಿದ್ದಾರೆ.