ಭಾವನ ಕಾರಿಗೆ ಹೊಕ್ಕ ನೀರು

ಆ ಸಂಜೆ ಭಾವನ ಕಾರಿನ ಎಂಜಿನ್ನಿನಿಂದ ಟಕಟಕ ಸದ್ದು ಬರುತ್ತಿತ್ತೇ? ಬರುತ್ತಿತ್ತು ಎಂದೇ ನನ್ನ ನೆನಪು ಹೇಳುತ್ತದೆ. ಆದರೆ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಮಾರನೆಯ ದಿನ ಎಂಜಿನ್ ಕೆಟ್ಟಿತೆಂದು ಗೊತ್ತಾದ ಮೇಲೆ ಅದಕ್ಕೊಂದು ಕಾರಣ ಬೇಕಾಗಿ ನಾನೇ ಆ ಸದ್ದನ್ನು ಹಿಂದಿನ ಸಂಜೆಗೆ ಸೇರಿಸಿಕೊಂಡಿರಬಹುದು. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿಯೂ ನಾನು ಯಾವ ಕೆಲಸದಲ್ಲೂ ನೆಲೆ ನಿಲ್ಲಲಿಲ್ಲ. ಆದರೆ ಆ ಓದಿನಿಂದ ಅನುಮಾನ ಮಾತ್ರ ನನ್ನಲ್ಲಿ ನೆಲೆ ನಿಂತಿತು. ಅದೂ ಬೇರೆಯವರ ನೆನಪಿಗಿಂತ ನನ್ನ ನೆನಪಿನ ಮೇಲೇ ಹೆಚ್ಚು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಲಾಸಿಪಾಳ್ಯದಲ್ಲಿ ತರಕಾರಿಯ ಸಗಟು ವ್ಯಾಪಾರ, ಮನೆ ಗವಿಪುರದಲ್ಲಿ. ಮೀಸೆ ಮೂಡುವ ಮೊದಲೇ ಟೆಂಪೊ ಓಡಿಸಲು ಕಲಿತವರು. ಐವತ್ತು ದಾಟಿದ ಮೇಲೆ, ಯಾರನ್ನೂ ಕೇಳದೆ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ಬೀದಿಯ ಹಂಪುಗಳನ್ನು ಅದು ನೇರವಾಗಿ ಹತ್ತುತ್ತಿರಲಿಲ್ಲ, ಓರೆಯಾಗಿ ಒಂದೊಂದೇ ಚಕ್ರ ಏರಿಸಬೇಕಿತ್ತು.

"ಸಾಹುಕಾರ್ರೇ, ಕೊತ್ತಂಬರಿ ಕಟ್ಟು ಎಲ್ಲಿಡ್ತೀರಾ ಇದ್ರಲ್ಲಿ?" ಎಂದು ಪಕ್ಕದ ಮನೆಯವರು ಕೇಳಿದರು.

"ನಿಮ್ ತಲೆ ಮೇಲೆ," ಎಂದರು ಭಾವ.

ಅಕ್ಕ ಮೊದಲು ಸಿಟ್ಟಾದಳು. ಎರಡು ದಿನ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಸುತ್ತ ಒಂದು ಸಲ ನಡೆದು ನೋಡಿ, "ಇಬ್ರೇ ಕೂರೋದು ಅಂದ್ರೆ ಒಂದ್ ರೀತಿ ಒಳ್ಳೇದೇ. ನಿಮ್ ತಂಗಿ ಬಂದ್ರೆ ಆಟೋಲಿ ಬರ್ಲಿ," ಎಂದಳು. ಆಮೇಲಿನ ಭಾನುವಾರಗಳಲ್ಲಿ ಇಬ್ಬರೂ ಮಲ್ಲೇಶ್ವರಕ್ಕೆ ದೋಸೆ ತಿನ್ನಲು ಹೋಗಿಬರತೊಡಗಿದರು. ಗವಿಪುರದಲ್ಲಿ ದೋಸೆ ಇಲ್ಲವೇ ಎಂದು ನಾನು ಕೇಳಿದ್ದಕ್ಕೆ ಅಕ್ಕ ನಕ್ಕಳು. ಕೆಲಸವಿಲ್ಲದ ಕಡೆಗೆ ಭಾವ ಗಾಡಿ ಓಡಿಸಿದ್ದನ್ನು ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ನೋಡಿಯೇ ಇರಲಿಲ್ಲ.

ಆಯುಧಪೂಜೆಯ ಹಿಂದಿನ ಸಂಜೆ ಭಾವ ನನ್ನನ್ನು ಕರೆದೊಯ್ಯಲು ವೈಯಾಲಿಕಾವಲಿನ ನನ್ನ ಬಾಡಿಗೆ ಮನೆಗೆ ಬಂದರು. ಹೊರಟಾಗ ಮಳೆ ಜೋರಾಗಿತ್ತು. ದಾರಿಯಲ್ಲಿ ರೈಲ್ವೆ ಹಳಿಯ ಕೆಳಗೆ ಹಾದುಹೋಗುವ ತಗ್ಗಿನಲ್ಲಿ ನೀರು ನಿಂತಿತ್ತು. ನಮ್ಮ ಮುಂದೆ ಒಂದು ಲಾರಿ ಅದನ್ನು ಸೀಳಿಕೊಂಡು ಹೋಯಿತು.

"ಭಾವ, ವಾಪಸ್ ತಿರುಗಿಸೋಣ," ಎಂದೆ.

"ನೀರು ಕಂಡ್ರೆ ಗಾಡಿ ನಿಲ್ಲಿಸ್ಬಾರ್ದು ಕಣಪ್ಪಾ. ನಿಲ್ಲಿಸಿದ್ರೇನೇ ಕೆಡೋದು," ಎಂದು ಅವರು ಆಕ್ಸಿಲರೇಟರ್ ಒತ್ತಿದರು.

ಅದು ಟೆಂಪೊದ ನಿಯಮ. ಟೆಂಪೊದ ಎಂಜಿನ್ ಎತ್ತರದಲ್ಲಿ ಕುಳಿತಿರುತ್ತದೆ. ಈ ಕಾರಿನ ಮೂತಿ ನೀರನ್ನು ದೋಣಿಯ ಹಾಗೆ ತಳ್ಳಿಕೊಂಡು ಹೋಯಿತು, ಗಾಜಿನ ಮೇಲೆ ಕೆಸರು ಎರಚಿತು, ಮತ್ತು ನಾವು ಆಚೆ ಬಂದೆವು. ಭಾವ ಗೆದ್ದವರಂತೆ ನಕ್ಕರು. ಗವಿಪುರದವರೆಗೂ ಕಾರು ಓಡಿತು. ನಾನು ಕೇಳಿದೆನೋ ಇಲ್ಲವೋ ಎಂಬ ಸದ್ದು ಈ ದಾರಿಯದು.

ಬೆಳಿಗ್ಗೆ ಅಕ್ಕ ತಾನೇ ಪೈಪು ಹಿಡಿದು ಕಾರು ತೊಳೆದಳು. ಬಾನೆಟ್ ಎತ್ತಿ ಎಂಜಿನ್ ಮೇಲೂ ನೀರು ಬಿಟ್ಟಳು. ಟೆಂಪೊಗಳಿಗೆ ಪ್ರತಿ ವರ್ಷ ಹಾಗೇ ಮಾಡಿಕೊಂಡು ಬಂದವಳು. ಪೂಜೆ ಎಂಜಿನ್ನಿಗಲ್ಲದೆ ಬರೀ ಬಾಗಿಲಿಗಾ ಎಂಬುದು ಅವಳ ವಾದ. ಮೂತಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಬೀದಿಯ ಜನ ನೋಡುತ್ತಾ ನಿಂತಿದ್ದರು. ಭಾವ ಒಳಗೆ ಕುಳಿತು ಸ್ಟಾರ್ಟ್ ಮಾಡಿದರು. ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದಂತೆ ಧಡ್ ಎಂದಿತು. ಎಂಜಿನ್ ನಿಂತುಹೋಯಿತು, ಮತ್ತೆ ತಿರುಗಲಿಲ್ಲ. ಕಾರು ಒಂದಿಂಚೂ ಮುಂದೆ ಹೋಗಲಿಲ್ಲ.

"ಏನಮ್ಮಾ, ಎಂಜಿನ್‌ಗೆ ನೀರು ಹಾಕಿದ್ರಾ?" ಎಂದು ಯಾರೋ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅಕ್ಕ ಆರತಿ ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು.

ಹಿಂದಿನ ಸಂಜೆಯ ನೀರಿನ ವಿಷಯ ನಾನು ಆಗಲೇ ಅಕ್ಕನಿಗೆ ಹೇಳಿದೆ. ಭಾವನೂ ಒಪ್ಪಿದರು. ಅಕ್ಕ ನಂಬಲಿಲ್ಲ. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿಕೊಂಡು ಕೇಳಿದಳು.

"ನೀರಲ್ಲಿ ಬಂದ್ಮೇಲೂ ಗಾಡಿ ಮನೇವರೆಗೂ ಓಡ್ತಲ್ಲ?"

"ಓಡ್ತು. ಆದ್ರೆ ಏನೋ ಟಕಟಕ ಅಂತಿತ್ತು ಅನ್ಸತ್ತೆ."

"ಅನ್ಸತ್ತೆ ಬೇಡ. ಕೇಳಿಸ್ತಾ, ಇಲ್ವಾ?"

ಬೇರೆ ಯಾರಾದರೂ ಆಗಿದ್ದರೆ ಕೇಳಿಸಿತು ಎಂದು ಹೇಳಿ ಮುಗಿಸುತ್ತಿದ್ದರು. ನಾನು, "ಖಚಿತವಾಗಿ ಹೇಳೋಕಾಗಲ್ಲ ಅಕ್ಕಾ," ಎಂದೆ.

"ಹಾಗಾದ್ರೆ ಕೇಳಿಸಿಲ್ಲ. ನನ್ ಸಮಾಧಾನಕ್ಕೆ ಹೇಳ್ತಿದೀಯ," ಎಂದು ಅವಳು ಒಲೆಯ ಕಡೆ ತಿರುಗಿದಳು.

ಕಾರನ್ನು ಎಳೆಸಿಕೊಂಡು ಚಾಮರಾಜಪೇಟೆಯ ಗ್ಯಾರೇಜಿಗೆ ಸೇರಿಸಿದರು. ಅಲ್ಲಿನ ಮೆಕ್ಯಾನಿಕ್ ಭಾವನ ಟೆಂಪೊಗಳನ್ನು ಬಹಳ ಕಾಲದಿಂದ ನೋಡಿಕೊಂಡು ಬಂದವರು. ಎಂಜಿನ್ನನ್ನು ಕೈಯಿಂದ ತಿರುಗಿಸಲು ನೋಡಿ, ತಲೆ ಆಡಿಸಿದರು.

"ನೀರು ಕುಡಿದಿದೆ ಅಣ್ಣಾ. ಒಳಗೆ ರಾಡ್ ಬಾಗಿರತ್ತೆ."

ರಾಡ್ ಎಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಪಿಸ್ಟನ್ನನ್ನು ಮೇಲಕ್ಕೂ ಕೆಳಕ್ಕೂ ತಳ್ಳುವ ಉಕ್ಕಿನ ತೋಳು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಹಾಗಾಗಿ ತೋಳೇ ಬಾಗುತ್ತದೆ. ದಾರಿ ಎರಡು ಎಂದರು ಮೆಕ್ಯಾನಿಕ್. ಎಂಜಿನ್ ಬಿಚ್ಚಿ ರಿಪೇರಿ ಮಾಡಬಹುದು, ಆದರೆ ಬಿಚ್ಚಿದ ಮೇಲೆ ಒಳಗೆ ಇನ್ನೇನು ಕೆಟ್ಟಿದೆಯೋ ಗೊತ್ತಿಲ್ಲ, ಬಿಡಿಭಾಗಗಳು ಬರುವುದು ಯಾವಾಗಲೋ. ಇಲ್ಲವಾದರೆ ಇದೇ ಮಾಡೆಲ್ಲಿನ, ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದ ಕಾರೊಂದರ ಎಂಜಿನ್ ಸಿಗುತ್ತದೆ. ಅದನ್ನು ಕೂರಿಸಿ, ಆರ್‌ಟಿಒದಲ್ಲಿ ಎಂಜಿನ್ ನಂಬರ್ ಬದಲಾಯಿಸಿಕೊಂಡರೆ ಆಯಿತು.

"ನನ್ನ ಕೇಳಿದ್ರೆ ಬದಲಾಯ್ಸಿಬಿಡಿ. ನನಗೂ ತಲೆನೋವು ಕಮ್ಮಿ," ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಭಾವನೂ ಬದಲಾಯಿಸೋಣ ಎಂದರು. ನನಗೆ ಆಶ್ಚರ್ಯವಾಯಿತು. ಮನೆಯ ಹಳೆಯ ಮಿಕ್ಸಿಯನ್ನೂ ಬಿಚ್ಚಿ ಕಟ್ಟಿ ಕಟ್ಟಿ ಬಳಸುವ ಮನುಷ್ಯ ಅವರು. ಹೊರಗೆ ಬಂದು ಟೀ ಕುಡಿಯುವಾಗ ಕಾರಣ ಕೇಳಿದೆ.

"ಬಿಚ್ಚಿ ಏನಪ್ಪಾ ನೋಡೋದು? ಪೈಪ್ ನೀರೇ ಅಂತ ಆಗ್ಬಿಟ್ರೆ? ನಿಮ್ಮಕ್ಕ ಮೂರ್ ದಿನದಿಂದ ನನ್ ಮುಖ ನೋಡಿ ಊಟ ಬಡಿಸಿಲ್ಲ. ಈ ಎಂಜಿನ್ ಗುಜರಿಗೆ ಹೋದ್ರೆ ಮಾತೂ ಅದರ ಜೊತೆ ಹೋಗತ್ತೆ."

"ರಸ್ತೆ ನೀರು ಅಂತ ಆದ್ರೆ?"

"ಆದ್ರೆ ಆಯ್ತು. ಇಲ್ದಿದ್ರೆ? ಇದೇನು ಜೂಜಾ?"

ನನಗೆ ಸರಿ ಎನಿಸಲಿಲ್ಲ. ಗೊತ್ತು ಮಾಡಿಕೊಳ್ಳಬಹುದಾದ ವಿಷಯವನ್ನು ಗೊತ್ತು ಮಾಡಿಕೊಳ್ಳದೆ ಬಿಡುವುದು ನನ್ನಿಂದ ಆಗದು. ಆದರೆ ಅವರು ಸುಮ್ಮನೆ ಹೆದರಿದ್ದರು ಎಂದೂ ನಾನು ಹೇಳಲಾರೆ. ಮೂವತ್ತು ವರ್ಷ ಜೊತೆಗಿದ್ದ ಹೆಂಗಸು ಯಾವುದನ್ನು ತಡೆದುಕೊಳ್ಳುತ್ತಾಳೆ, ಯಾವುದನ್ನು ಇಲ್ಲ ಎಂಬುದು ನನ್ನ ಓದಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರಬಹುದು ಎಂದುಕೊಂಡೆ.

ಆ ಲೆಕ್ಕದಲ್ಲಿ ಅವರು ತಪ್ಪಿದ್ದರು. ಬದಲಾಯಿಸುವ ಸುದ್ದಿ ಕೇಳಿ ಅಕ್ಕ ಮರುದಿನವೇ ಗ್ಯಾರೇಜಿಗೆ ಬಂದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಎಣ್ಣೆಯ ಕಲೆಗಳನ್ನು ದಾಟಿ, ಕಾರಿನ ಮುಂದೆ ನಿಂತಳು. ಬಾನೆಟ್ ತೆರೆದಿತ್ತು.

"ಯಾಕ್ರೀ ಬಿಚ್ಚೋದು ಬೇಡ?"

"ಟೈಮ್ ಆಗತ್ತೆ ಕಣೇ."

"ನಿಮಗೆ ಯಾವ ಮದುವೆ ದಿಬ್ಬಣಕ್ಕೆ ಹೋಗ್ಬೇಕು? ನಾನು ಕೆಡಿಸ್ದೆ ಅಂತ ಗೊತ್ತಾಗತ್ತೆ ಅಂತ ತಾನೆ?"

"ನೀನಲ್ಲ ಕೆಡಿಸಿದ್ದು! ನಾನು ಕಣೇ! ಲಾರಿ ಹಿಂದೆ ಹೋಗಿ ಕೆರೇಲಿ ಮುಳುಗಿಸಿದವನು ನಾನು!"

"ಮನೇಗೆ ಬಂದಿತ್ತು ಅದು, ನೆಟ್ಟಗೆ! ನಾನೇ ಕುಡಿಸಿದ್ದು!"

ಇಬ್ಬರೂ ತಪ್ಪನ್ನು ಹರಾಜಿನಲ್ಲಿ ಕೂಗುವಂತೆ ಕೂಗುತ್ತಿದ್ದರು. ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಅಮ್ಮಾ, ಅಣ್ಣಾ, ಇಬ್ರೂ ಅರ್ಧರ್ಧ ಇಟ್ಕೊಳ್ಳಿ. ನಾನೇನ್ ಮಾಡ್ಲಿ ಹೇಳಿ," ಎಂದರು.

"ಬಿಚ್ಚಿ," ಎಂದಳು ಅಕ್ಕ. "ನಂದೇ ಅಂತ ಆದ್ರೆ ಆಗ್ಲಿ. ಅತ್ತು ಸುಮ್ಮನಾಗ್ತೀನಿ. ಗೊತ್ತಿಲ್ದೆ ಈ ಕಾರಲ್ಲಿ ನಾನು ಕೂರಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಅವಳು ಕೂರದ ಕಾರಿಗೆ ಯಾವ ಎಂಜಿನ್ ಇದ್ದರೂ ಭಾವನಿಗೆ ಉಪಯೋಗವಿರಲಿಲ್ಲ.

ಬಿಚ್ಚಿದ ದಿನ ಮೂವರೂ ಹೋದೆವು. ಒಂದು ರಾಡ್ ಬಾಗಿತ್ತು. ಮಿಕ್ಕವು ನೇರವಾಗಿದ್ದವು. ಸಿಲಿಂಡರಿನ ಗೋಡೆಗೆ ಪೆಟ್ಟಾಗಿರಲಿಲ್ಲ. ಗಾಳಿ ಎಳೆದುಕೊಳ್ಳುವ ಫಿಲ್ಟರಿನ ಮಡಿಕೆಗಳಲ್ಲಿ ಕೆಸರು ಇತ್ತು. ನಾನು ಆ ಕೆಸರನ್ನು ಅಕ್ಕನಿಗೆ ತೋರಿಸಿದೆ, ಸ್ವಲ್ಪ ಹೆಚ್ಚೇ ಉತ್ಸಾಹದಿಂದ.

"ನೋಡು, ರಸ್ತೆ ನೀರು! ಪೈಪಿನಲ್ಲಿ ಕೆಸರು ಬರತ್ತಾ?"

ಮೆಕ್ಯಾನಿಕ್ ತಡೆದರು. "ಹಾಗಂತ ಹೇಳೋಕಾಗಲ್ಲ ಸಾರ್. ಕೆಸರು ಹಳೇದೂ ಇರ್ಬೋದು. ಬಾಗಿದ ರಾಡ್ ಸ್ವಲ್ಪ ದೂರ ಓಡಿ ಆಮೇಲೆ ಕೈ ಕೊಡೋದೂ ಉಂಟು. ಸ್ಟಾರ್ಟ್ ಮಾಡಿದ ಗಳಿಗೆಲೇ ಬಾಗೋದೂ ಉಂಟು. ಯಾವ್ ನೀರು ಅಂತ ನಾನು ಆಣೆ ಮಾಡಲ್ಲ."

ಅಕ್ಕ ಅಳಲಿಲ್ಲ. ಬಾಗಿದ ರಾಡನ್ನು ಕೈಯಲ್ಲಿ ಹಿಡಿದು ನೋಡಿ, "ಇಷ್ಟೇನಾ?" ಎಂದಳು. ರಿಪೇರಿಯೇ ಆಗಲಿ ಎಂದು ಭಾವ ಹೇಳಿದರು. ಬಿಡಿಭಾಗ ಬರಲು ತಿಂಗಳುಗಳೇ ಹಿಡಿದವು. ಕಾರು ಮನೆಗೆ ಬಂದಾಗ ಧೂಳು ಮೆತ್ತಿಕೊಂಡಿತ್ತು. ಭಾವ ಪೈಪನ್ನು ಅಕ್ಕನ ಕೈಗೇ ಕೊಟ್ಟು, "ತೊಳಿ," ಎಂದರು. ಅವಳು ಪೈಪು ಕೆಳಗಿಟ್ಟು ಒದ್ದೆ ಬಟ್ಟೆಯಿಂದ ಒರೆಸಿದಳು. ಬಾನೆಟ್ ಮುಟ್ಟಲಿಲ್ಲ. ಭಾನುವಾರ ದೋಸೆಗೆ ಹೋದರು. ಆದರೆ ಕಾರು ಸ್ಟಾರ್ಟ್ ಆಗುವಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದು ಭಾವ ನನಗೆ ಹೇಳಿದರು.

ಅದು ನನ್ನನ್ನು ಕೊರೆಯಿತು. ನನ್ನ ನೆನಪು ಅವಳಿಗೆ ಪ್ರಯೋಜನಕ್ಕೆ ಬರಲಿಲ್ಲ, ಕೆಸರೂ ಬರಲಿಲ್ಲ. ಆದರೆ ಎಂಜಿನ್ ಬದಲಾಗಿರಲಿಲ್ಲ. ಅದೇ ಫಿಲ್ಟರಿನ ಜಾಗ, ಅಲ್ಲಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಅದೇ ಕೊಳವೆ ಇನ್ನೂ ಅಲ್ಲೇ ಇದ್ದವು. ಮುಂದಿನ ಆಯುಧಪೂಜೆಗೆ ಮೊದಲೇ ಒಂದು ಬೆಳಿಗ್ಗೆ ಹೋಗಿ, ಬಾನೆಟ್ ಎತ್ತಿ, ಫಿಲ್ಟರನ್ನು ಕಳಚಿದೆ. ಅದು ಇದ್ದದ್ದು ತೀರ ಕೆಳಗೆ, ಬಂಪರಿನ ಹಿಂದೆ, ಒಂದು ಪ್ಲಾಸ್ಟಿಕ್ ತಟ್ಟೆಯ ಅಡಿಯಲ್ಲಿ. ಅದರ ಜಾಗದಲ್ಲಿ, ಕೊಳವೆಯ ಬಾಯಿಗೆ ಆ ದಿನದ ಪತ್ರಿಕೆಯ ಹಾಳೆ ಸುತ್ತಿದೆ.

"ಏನೋ ಅದು ನಿನ್ ಹುಚ್ಚು?" ಎಂದಳು ಅಕ್ಕ.

"ಹೋದ ವರ್ಷ ಹೇಗೆ ನೀರು ಬಿಟ್ಟೆಯೋ ಹಾಗೇ ಬಿಡು."

"ನಾನು ಬಿಡಲ್ಲ."

"ಸ್ಟಾರ್ಟ್ ಮಾಡಲ್ಲ ಅಕ್ಕಾ. ಬರೀ ನೀರು. ಅಲ್ಲೀವರೆಗೂ ಹೋದ್ರೆ ಕಾಗದ ನೆನೆಯತ್ತೆ."

ಭಾವ ಕೀಲಿಯನ್ನು ತಮ್ಮ ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಪೈಪು ಹಿಡಿದಳು. ಮೊದಲು ಹೆದರುತ್ತಾ, ಆಮೇಲೆ ಎಂದಿನಂತೆ ಮೂಲೆ ಮೂಲೆಗೂ ಬಿಟ್ಟಳು. ಇನ್ನೂ ಬಿಡು ಎಂದೆ, ಬಿಟ್ಟಳು. ಬೀದಿಯವರೆಗೂ ನೀರು ಹರಿಯಿತು.

ನಾನು ಕೈ ಒರೆಸಿಕೊಂಡು ಹಾಳೆಯನ್ನು ಹೊರಗೆಳೆದೆ. ನಾನು ಮುಟ್ಟಿದ್ದು ಸಾಲದೆಂದು ಅಕ್ಕನ ಕೈಗೂ ಕೊಟ್ಟೆ, ಭಾವನ ಕೈಗೂ ಕೊಟ್ಟೆ. ಬೇರೆ ಹಾಳೆ ಸುತ್ತಿ ಇನ್ನೊಮ್ಮೆ ಮಾಡಿದೆವು. ಎರಡು ಸಲವೂ ಪೈಪಿನ ನೀರಿನ ಒಂದು ಹನಿಯೂ ಕಾಗದಕ್ಕೆ ತಾಗಿರಲಿಲ್ಲ.