ಮೂಳೆಗೆ ಕೂರಿಸಿದ ಕಬ್ಬಿಣ

ನನ್ನ ಗಂಡನ ಕಾಲು ಹೋದದ್ದು ಹುಣಸೆಮರದಿಂದ ಬಿದ್ದದ್ದಕ್ಕಲ್ಲ. ಮುರಿದ ಕಾಲನ್ನು ಆಸ್ಪತ್ರೆಯವರು ಸರಿಮಾಡಿಯೇ ಕಳಿಸಿದ್ದರು. ಕಳೆದವರು ನಾವು, ಮನೆಯವರು. ಗೊತ್ತಿದ್ದೂ ಕಳೆದೆವು.

ಬಡವನಹಳ್ಳಿಗೆ ಒಂದು ಹರಿದಾರಿ ದೂರ ನಮ್ಮೂರು. ಅವನು ಹುಣಸೆ ಬಡಿಯುವವನು. ಕೊಂಬೆಯ ಮೇಲೆ ನಿಂತು ಗಳದಲ್ಲಿ ಬಡಿಯುತ್ತಿದ್ದ, ಕೆಳಗೆ ನಾವು ಹೆಂಗಸರು ಆಯುತ್ತಿದ್ದೆವು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಒಂದು ದಿನ ಕೊಂಬೆ ಮುರಿದು ಬಿದ್ದ. ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೂಳೆಗೆ ಉಕ್ಕಿನ ಪಟ್ಟಿ ಇಟ್ಟು ಆರು ತಿರುಪು ಬಿಗಿದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು: "ಮೂಳೆ ಕೂಡಿಕೊಂಡ ಮೇಲೆ ಇದಕ್ಕೆ ಒಳಗೆ ಕೆಲಸ ಇಲ್ಲಮ್ಮ. ವರ್ಷ ತುಂಬಿದ ಮೇಲೆ ಕರಕೊಂಡು ಬಾ, ತೆಗೆದುಬಿಡೋಣ."

ಊರಿಗೆ ಬಂದರೆ ನಮ್ಮತ್ತೆಗೆ ಹಬ್ಬ. ನಮ್ಮ ಕಡೆ ಬಾಣಂತಿಯ ತಲೆದೆಸೆಯಲ್ಲಿ ಕುಡುಗೋಲು ಇಡುತ್ತಾರೆ, ಕೂಸಿನ ತೊಟ್ಟಿಲಿಗೆ ಕಬ್ಬಿಣದ ಚೂರು ಹಾಕುತ್ತಾರೆ. ಕಬ್ಬಿಣ ಇದ್ದಲ್ಲಿ ಗಾಳಿ, ದೆವ್ವ ಸುಳಿಯುವುದಿಲ್ಲವಂತೆ.

"ನಾವೆಲ್ಲ ಕೈಯಾಗೆ ಹಿಡ್ಕಂಡ್ ತಿರುಗ್ತೀವಿ. ನನ್ ಮಗನ್ಗೆ ಮೂಳೇಗೇ ಕೂರ್ಸವ್ರೆ ಕಣಮ್ಮ," ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಳು. "ಇನ್ ಯಾವ್ ಗಾಳಿ ಮುಟ್ಟೀತು ಇವನ್ನ?"

ಮೊದಲು ಪಕ್ಕದ ಮನೆಯವರು, ಕೂಸು ಸಂಜೆಯಾದರೆ ಕಿರುಚುತ್ತದೆ ಎಂದು ತಂದು ಅವನ ಕಾಲಿಗೆ ಮುಟ್ಟಿಸಿದರು. ಕೂಸು ಸುಮ್ಮನಾಯಿತು. ಅತ್ತು ಅತ್ತು ಸುಸ್ತಾಗಿತ್ತು, ಅಷ್ಟೆ. ಆಮೇಲೆ ಪುರವರದಂಥ ದೂರದ ಊರುಗಳಿಂದಲೂ ಜನ ಬಂದರು. ಅವನು ಜಗಲಿಯ ಮೇಲೆ ಕಾಲು ನೀಡಿ ಕೂರುತ್ತಿದ್ದ. ತಾಯಂದಿರು ಮಕ್ಕಳ ಹಣೆಯನ್ನು ಹೊಲಿಗೆಯ ಗೆರೆಗೆ ಒತ್ತುತ್ತಿದ್ದರು. ಬಾಳೆಹಣ್ಣು, ತೆಂಗಿನಕಾಯಿ, ಒಂದೊಂದು ಸಲ ಮೊರದ ತುಂಬ ರಾಗಿ ಬರುತ್ತಿತ್ತು. ಹುಣಸೆ ಬಡಿಯುವವನನ್ನು ಅಣ್ಣ ಎಂದು ಕರೆದವರಿರಲಿಲ್ಲ. ಈಗ ಸ್ವಾಮಿ ಎನ್ನುತ್ತಿದ್ದರು.

ವರ್ಷ ತುಂಬಿತು. ಡಾಕ್ಟರ ಮಾತು ನೆನಪಿಸಿದೆ.

"ತೆಗೆಸ್ಬುಟ್ರೆ ಆಮ್ಯಾಕೆ ನಾನ್ಯಾರೇ?" ಎಂದ.

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಆ ರಾಗಿಯ ಮುದ್ದೆ ನಾನೂ ಉಂಡಿದ್ದೆ.

ಮೂರನೆಯ ವರ್ಷ ಕಾಲು ಬಿಸಿಯಾಗತೊಡಗಿತು. ಗೆರೆಯ ಸುತ್ತ ಚರ್ಮ ನೀಲಿಗಟ್ಟಿತು. ಒಂದು ಕಡೆ ಬಾಯಿಬಿಟ್ಟು ಮಸಿಯಂಥ ಕೀವು ಸೋರಿತು.

"ಊರ್ ಗಾಳೀನೆಲ್ಲ ಹೀರ್ಕಂಡೈತಲ್ಲ, ಅದು ಈಚೆಗ್ ಬತ್ತೈತೆ ಬುಡು. ಒಳ್ಳೇದೇ," ಎಂದಳು ಅತ್ತೆ.

ಶಿರಾದಿಂದ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದ ಸಾಬರು ಆ ಕಾಲು ನೋಡಿ ಕೈ ನಿಲ್ಲಿಸಿದರು. "ಅಕ್ಕಾ, ಕಣ್ಣೀರು ಉಪ್ಪು, ಬೆವರು ಉಪ್ಪು, ರಕ್ತಾನೂ ಉಪ್ಪೇ. ಉಪ್ಪಿನಕಾಯಿ ಜಾಡೀಲಿ ಕಬ್ಬಿಣದ ಸೌಟು ಬಿಡ್ತೀರಾ ನೀವು?"

"ಸಾಬ್ರಿಗೇನ್ ಗೊತ್ತು ಗಾಳಿ ವಿಚಾರ. ಪಾತ್ರೆ ಬೆಳಗಾಕ್ ಹೇಳು," ಎಂದ ನನ್ನ ಗಂಡ.

"ಬೆಳಗ್ತೀನಿ ಬುಡಣ್ಣ. ಪಾತ್ರೆ ಆದ್ರೆ ಬೆಳಗ್ಬೌದು," ಎಂದರು ಅವರು.

ಜ್ವರದಲ್ಲಿ ಎಚ್ಚರ ತಪ್ಪಿದ ದಿನ ಅವನನ್ನು ಗಾಡಿಗೆ ಹಾಕಿಸಿಕೊಂಡು ಹೊರಟೆ. ಅದೇ ಆಸ್ಪತ್ರೆ, ಅದೇ ಡಾಕ್ಟರು. ಮೂಳೆ ಕೊಳೆತಿತ್ತು, ಮೊಣಕಾಲಿನ ಮೇಲಕ್ಕೇ ಕತ್ತರಿಸಿದರು. ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ನಡುವೆ ಇನ್ನೂ ಮಿನುಗುತ್ತಿತ್ತು. ತಿರುಪು ಕೂತಿದ್ದ ತೂತುಗಳ ಸುತ್ತ ಮಾತ್ರ ಹುಳು ತಿಂದ ಕಾಳಿನ ಹಾಗೆ ಗುಳಿ ಬಿದ್ದಿತ್ತು.

"ಉಕ್ಕು ಒಳ್ಳೇದೇ. ಆದರೆ ಹೆಜ್ಜೆ ಹೆಜ್ಜೆಗೂ ತಿರುಪು ಪಟ್ಟಿಗೆ ಉಜ್ಜುತ್ತೆ, ಉಜ್ಜಿದ ಕಡೆ ಮೈಯ ಉಪ್ಪುನೀರು ತಿನ್ನುತ್ತೆ. ಅದರಿಂದ ಉದುರೋ ಪುಡೀನ ಮೈ ಒಪ್ಪೋದಿಲ್ಲ. ಅದಕ್ಕೇ ಅಲ್ಲವೇನಮ್ಮ ವರ್ಷಕ್ಕೆ ಬಾ ಅಂದಿದ್ದು?"

ಈಗ ಟೈಟಾನಿಯಂ ಅಂತ ಬೇರೆ ಲೋಹ ಹಾಕುತ್ತಾರಂತೆ, ಅದಕ್ಕೆ ಇಷ್ಟು ಬೇಗ ಉಪ್ಪು ಹತ್ತುವುದಿಲ್ಲವಂತೆ, ಮೂಳೆ ತಾನಾಗಿ ಅಂಟಿಕೊಳ್ಳುತ್ತದಂತೆ. ಮೊಮ್ಮಗಳು ಹೇಳುತ್ತಾಳೆ. ಇರಬಹುದು. ಅದನ್ನೇ ಹಾಕಿದ್ದರೂ, ಡಾಕ್ಟರು ಬಾ ಎಂದಾಗ ನಾವು ಹೋಗುತ್ತಿರಲಿಲ್ಲ.

ಅವನು ಆ ಪಟ್ಟಿಯನ್ನು ಕೇಳಿ ಇಸಿದುಕೊಂಡು ಬಂದ. ಊರಿಗೆ ಬಂದ ದಿನವೇ ಹಿಂದಿನ ಬೀದಿಯ ಹೆಂಗಸೊಬ್ಬಳು ಕೂಸು ಎತ್ತಿಕೊಂಡು ಬಂದಳು. ಮೂರು ದಿನದಿಂದ ಅದರ ಮೈ ಕೆಂಡ. ಇಷ್ಟಾದ ಮೇಲೆ ಅವನು ಅವಳನ್ನು ಬೈದು ಕಳಿಸುತ್ತಾನೆ ಎಂದುಕೊಂಡೆ. ಅವನು ಮೋಟು ಕಾಲಿನ ಮೇಲೆ ಕಂಬಳಿ ಎಳೆದುಕೊಂಡು, ಪಟ್ಟಿಯನ್ನು ಕೂಸಿನ ಹಣೆಗೆ ಸವರಿದ. ಅತ್ತೆ ಊದುಬತ್ತಿ ಹಚ್ಚಿದಳು.

"ಬೆಳಗಾಗೋದ್ರಾಗೆ ಇಳೀತೈತೆ, ಹೋಗವ್ವ," ಎಂದ.

ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಆ ಹೆಂಗಸಿನ ಮನೆಗೆ ಹೋಗಿ ಕೂಸನ್ನು ಕಂಕುಳಿಗೆ ಹಾಕಿಕೊಂಡು, "ಏಳು, ನಡಿ" ಎಂದು ಅವಳನ್ನೂ ಎಬ್ಬಿಸಿ, ಮಧುಗಿರಿ ಆಸ್ಪತ್ರೆಗೆ ಮೊದಲ ಬಸ್ಸು ಹತ್ತಿದೆ.