ಫೈರ್‌ವಾಲಿನವರು

ಗಂಗೊಳ್ಳಿಯ ನಮ್ಮ ಐಸ್ ಪ್ಲಾಂಟಿಗೆ ನೆಟ್‌ವರ್ಕ್ ಕೆಲಸಕ್ಕೆ ಬರುತ್ತಿದ್ದವರು, ಯಾವ ಕೆಲಸ ಮುಗಿಸಿದರೂ ಮೊಬೈಲ್ ಹಿಡಿದು, ನಮ್ಮ ವೈಫೈ ಸಿಗದ ಗೇಟಿನಾಚೆ ಹೋಗಿ ನಿಲ್ಲುತ್ತಿದ್ದರು. "ಒಳ್ಗ್ ಕೂತ್ ಕಂಡ್ರೆ ಎಲ್ಲವೂ ಸಮವೇ. ಹೊರ್ಗಿಂದ ಕಾಂಬ" ಎನ್ನುವುದು ಅವರ ಮಾತು.

ಕೋಲ್ಡ್ ರೂಮಿನ ಉಷ್ಣತೆ ಮುಂಬಯಿಯಲ್ಲಿರುವ ಧಣಿಗೆ ಅಲ್ಲಿಂದಲೇ ಕಾಣಬೇಕಿತ್ತು. ಇವತ್ತು ಕಾಣದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದಿದ್ದರು. ಇವರು ಉಪ್ಪುಂದದ ತಮ್ಮ ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಿಂದ ನಮ್ಮಲ್ಲಿಗೆ ಬರುವುದನ್ನೆಲ್ಲ ಬಾಗಿಲಲ್ಲೇ ತಡೆದು ನೋಡುವ ಲಿನಕ್ಸ್ ಫೈರ್‌ವಾಲಿಗೆ ನಿಯಮ ಬರೆದರು: ನಮ್ಮ ಇಂಟರ್‌ನೆಟ್ ವಿಳಾಸಕ್ಕೆ ಹೊರಗಿನಿಂದ ಬಂದದ್ದೆಲ್ಲ ಉಷ್ಣತೆ ತೋರಿಸುವ ಕಂಪ್ಯೂಟರಿಗೇ ಹೋಗಬೇಕು. ಆಮೇಲೆ ಬೈಕಿನಲ್ಲಿ ಬಂದು ನನ್ನ ಮೇಜಿನೆದುರು ನಿಂತರು.

"ಎಂತ ಆಯ್ತ್ ಮಾರಾಯ್ರೆ?"

"ಎಂತ ಇಲ್ಲ. ಬಪ್ಪರ್ನೆಲ್ಲ ಆ ಕಂಪ್ಯೂಟರಿಗೇ ಕಳ್ಸ್ ಅಂದೆ. ನಾನೂ ಹೊರ್ಗಿಂದ ಬಪ್ಪನೇ ಅಲ್ದಾ? ನನ್ನೂ ಅಲ್ಲಿಗೇ ಕಳ್ಸಿತ್. ಈಗ ಫೈರ್‌ವಾಲಿಗೆ ಹೋಪುಕೆ ನಂಗೇ ದಾರಿ ಇಲ್ಲ."

ಒಳಗೆ ಕೂತು, ಮೊದಲು ತಮಗೊಂದು ದಾರಿ ಉಳಿಸಿಕೊಂಡು, ಮಿಕ್ಕಿದ್ದನ್ನು ಆ ಕಂಪ್ಯೂಟರಿಗೆ ತಿರುಗಿಸಿದರು. ಎಂದಿನಂತೆ ಗೇಟಿನಾಚೆ ಹೋದರು. ಅಷ್ಟರಲ್ಲಿ ಐಸ್ ಲಾರಿ ಹೊರಟಿತು; ಅದರ ಹಿಂದೆಯೇ ವಾಚ್‌ಮನ್ ಗೇಟಿಗೆ ಬೀಗ ಹಾಕಿ ಊಟಕ್ಕೆ ಹೋದ.

ಸ್ವಲ್ಪ ಹೊತ್ತಿಗೆ ನನ್ನ ಫೋನ್ ಹೊಡೆದುಕೊಂಡಿತು.

"ಹ್ವಾಯ್, ಒಳ್ಗಿನದ್ದೆಲ್ಲ ಲಾಯ್ಕ್ ಕಾಣ್ತಿತ್ತ್. ಗೇಟ್ ತೆಗುಕೆ ಹೇಳಿ."